ಜಿಮ್ಮಿಯ ಶಂಕುಸ್ಥಾಪನೆ

ಹೋದ ಭಾನುವಾರ ನಮ್ಮ ರಸ್ತೆಯ ಕೊನೆಯ ಪಾರ್ಕಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಬಾಡಿಗೆ ಕುರ್ಚಿಗಳು, ಹಾರ ಹಾಕಿದ ಫೋಟೋ, ಕಿರ್ರೆನ್ನುವ ಮೈಕು. ಒಬ್ಬರಾದ ಮೇಲೊಬ್ಬರು ಎದ್ದು 'ಸಜ್ಜನರು', 'ಅಜಾತಶತ್ರು', 'ಇರುವೆಗೂ ನೋವು ಮಾಡದವರು' ಎಂದೆಲ್ಲ ಹೊಗಳಿದರು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಎಂಬುದು ನನಗೂ ಗೊತ್ತು. ಆದರೆ ಆ 'ಅಜಾತಶತ್ರು' ಕಿವಿಗೆ ಬಿದ್ದಾಗ ಎದ್ದು ಹೋಗೋಣ ಎಂದು ಚಪ್ಪಲಿ ಹುಡುಕಿದೆ. ಅಷ್ಟರಲ್ಲಿ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಮೈಕನ್ನು ನನ್ನ ಮೂಗಿನ ಹತ್ತಿರ ತಂದು, "ಮೇಡಂ, ಎದುರು ಮನೆಯವರು ನೀವು, ಎರಡು ಮಾತು ಹೇಳಿ" ಅಂದರು. ಗಂಟಲು ಕಟ್ಟಿದೆ ಅಂದೆ. ದುಃಖಕ್ಕೆ ಕಟ್ಟಿದೆ ಎಂದುಕೊಂಡು ಪಕ್ಕದವರು ನನ್ನ ಬೆನ್ನು ಸವರಿದರು. ಥೂ!

ಅಲ್ಲಿ ಹೇಳದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರಿಕೊಂಡವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಎದುರು ಮನೆಯಲ್ಲೇ ಇದ್ದಾರೆ, ಆ ಹೆಣ್ಣುಮಗಳ ಮೇಲೆ ನನಗೇನೂ ಸಿಟ್ಟಿಲ್ಲ.

ಅವರು ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ವಿದ್ಯಾರಣ್ಯಪುರದಲ್ಲಿ ಇನ್ನೂ ಅರ್ಧ ಸೈಟುಗಳು ಖಾಲಿ ಇದ್ದಾಗಲೇ ಇಬ್ಬರೂ ಎದುರುಬದುರು ಮನೆ ಕಟ್ಟಿಸಿದೆವು. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಪೆನ್ನು. ದಾರಿಯಲ್ಲಿ ಯಾರು ಎದುರಾದರೂ ಪಕ್ಕಕ್ಕೆ ಸರಿದು ಕೈ ಜೋಡಿಸುತ್ತಿದ್ದರು. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ನೀವು ಅವರ ಮುಖಕ್ಕೇ ಬೈದರೂ, "ಆಗ್ಲಿ ಸ್ವಾಮಿ, ಆಗ್ಲಿ" ಎಂದು ತಲೆ ಬಾಗಿಸಿ ಹೊರಡುವರು. ಜಗಳ ಗೆದ್ದೆ ಎಂದುಕೊಂಡು ನೀವು ಮನೆಗೆ ಹೋಗಬೇಕು. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕತ್ತರಿಯನ್ನು ಕಣ್ಣಾರೆ ಕಂಡದ್ದು ಮಾತ್ರ ಈ ಮನುಷ್ಯನಲ್ಲಿ.

ಅವರ ಪ್ಯಾಂಟಿನ ಬಲಜೇಬಿನಲ್ಲಿ ಯಾವಾಗಲೂ ರಸ್ಕಿನ ಚೂರುಗಳು, ಎಡಜೇಬಿನಲ್ಲಿ ಚೌಕವಾಗಿ ಕತ್ತರಿಸಿದ ಹಳೇ ಪೇಪರು. ಎರಡೂ ಜಿಮ್ಮಿಗೋಸ್ಕರ. ಜಿಮ್ಮಿ ಎಂದರೆ ಅವರ ನಾಯಿ. ಬಿಳೀ ಪಾಮೇರಿಯನ್, ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟು ಚಿಕ್ಕದು. ಈ ಜಾತಿಯ ನಾಯಿಗಳು ಗೇಟಿನ ಸದ್ದಾದರೆ ಸಾಕು, ಊರು ಒಂದಾಗುವಂತೆ ಬೊಗಳುತ್ತವೆ. ಜಿಮ್ಮಿ ಬೊಗಳುತ್ತಿರಲಿಲ್ಲ. ಗೇಟು ತೆಗೆದಿಟ್ಟರೂ ಅವರು 'ಬಾ' ಅನ್ನುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕಲಿಸುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ನಾನೂ ಮೇಷ್ಟರ ಕೆಲಸ ಮಾಡಿದವಳು, ನನಗೆ ಗೊತ್ತಾಗುತ್ತದೆ. ಒಂದು ಏಟು ಹಾಕಲಿಲ್ಲ, ಒಂದು ಸಲ ಗದರಲಿಲ್ಲ. ಮೊದಲು ಮನೆಯ ಹಾಲಿನಲ್ಲಿ, ಫ್ಯಾನು ಕೂಡ ಆರಿಸಿ, 'ಕೂತ್ಕೋ', 'ಇರು', 'ಬಿಡು' ಮೂರೇ ಮಾತು. ಅದು ಪಕ್ಕಾ ಆದಮೇಲೆ ಗೇಟಿನ ಒಳಗೆ. ಆಮೇಲೆ ಖಾಲಿ ರಸ್ತೆ. ಆಮೇಲೆ ಬೀದಿನಾಯಿಗಳು ಮಲಗುವ ಹೊಂಗೆಮರದ ಬುಡ. ಎಲ್ಲಕ್ಕಿಂತ ಕೊನೆಗೆ ಬಸ್‌ಸ್ಟಾಪಿನ ಕೋಳಿ ಅಂಗಡಿ, ಅದೂ ಭಾನುವಾರ ಬೆಳಿಗ್ಗೆ.

"ಬಾಗಿಲು ಹಾಕ್ಕೊಂಡು ಯಾರ್ ಬೇಕಾದ್ರೂ ಕೂರ್ತಾರೆ ಮೇಡಂ," ಎಂದು ನನಗೆ ವಿವರಿಸಿದ್ದರು. "ಆಸೆ ಕಣ್ಮುಂದೆ ಇದ್ದಾಗ ಕೂರೋದೇ ವಿದ್ಯೆ."

ಆ ಭಾನುವಾರ ನಾನೂ ನೋಡಿದ್ದೇನೆ. ಅಂಗಡಿಯ ಮುಂದೆ ಸಾಲುಗಟ್ಟಿದ ಜನ, ಮಚ್ಚಿನ ಸದ್ದು, ಚರಂಡಿಯ ಪಕ್ಕ ಕೋಳಿಕಾಲಿಗೆ ಕಚ್ಚಾಡುವ ನಾಯಿಗಳು. ಮಧ್ಯದಲ್ಲಿ ಜಿಮ್ಮಿ ಬೆನ್ನು ನೆಟ್ಟಗೆ ಮಾಡಿ ಕೂತು ಯಜಮಾನರ ಮುಖವನ್ನೇ ನೋಡುತ್ತಿತ್ತು. ಮೂಗಿನ ಹೊಳ್ಳೆ ಮಾತ್ರ ಅದುರುತ್ತಿತ್ತು, ಪಾಪ. ಒಬ್ಬ ಹುಡುಗ, "ಗುರು, ಇದು ಬ್ಯಾಟ್ರಿ ನಾಯಿ ಕಣೋ" ಎಂದು ಒಂದು ಚೂರು ಮಾಂಸವನ್ನು ಅದರ ಮುಂದೆಯೇ ಎಸೆದ. ಇವರು ಮೆಲ್ಲಗೆ "ಬಿಡು" ಅಂದರು. ಜಿಮ್ಮಿ ಮುಖ ಆಚೆ ತಿರುಗಿಸಿತು. ಅದೇ ಕ್ಷಣ ರಸ್ಕಿನ ಚೂರು ಅದರ ಬಾಯಿಗೆ ಬಿತ್ತು.

"ಆಗಲೇ ಕೊಟ್ರೆ ಬಹುಮಾನ, ತಡ ಮಾಡಿ ಕೊಟ್ರೆ ಲಂಚ" ಎಂದು ನಕ್ಕರು. ನಾನೂ ನಕ್ಕೆ. ನಾಯಿಬಾಲ ಡೊಂಕು ಎಂಬ ಗಾದೆಯನ್ನು ಯಾರಾದರೂ ಎತ್ತಿದರೆ ಸಾಕು, "ಡೊಂಕು ಬಾಲದ್ದಲ್ಲ ಸ್ವಾಮಿ, ಹಿಡಿಯೋ ಕೈಯದು" ಅನ್ನುತ್ತಿದ್ದರು.

ಇನ್ನು ಶಂಕುವಿನ ವಿಚಾರ. ನಾಯಿಗೆ ಹೊತ್ತು, ಜಾಗ ನೋಡಿ ಮಲವಿಸರ್ಜನೆ ಮಾಡುವುದನ್ನೂ ಅವರು ಕಲಿಸಿದ್ದರು. ಅದಕ್ಕೊಂದು ಪ್ರತ್ಯೇಕ ಆಜ್ಞೆ. ರಸ್ತೆಯ ಕೊನೆಯ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ "ಶಂಕು" ಅಂದರೆ ಜಿಮ್ಮಿ ಒಂದು ಸುತ್ತು ತಿರುಗಿ ಕೂತು ಕೆಲಸ ಮುಗಿಸುತ್ತಿತ್ತು. ಮೊದಲ ಸಲ ಕೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

"ಸರ್ವಿಸೆಲ್ಲಾ ಮಂತ್ರಿಗಳ ಶಂಕುಸ್ಥಾಪನೆಗೆ ಶಾಮಿಯಾನ ಹಾಕ್ಸಿದ್ದೇ ಆಯ್ತು," ಅಂದಿದ್ದರು. "ಬರ್ತಾರೆ, ಒಂದು ಸುತ್ತು ತಿರುಗ್ತಾರೆ, ಇಟ್ಟು ಹೋಗ್ತಾರೆ. ಆಮೇಲೆ ಆ ಕಡೆ ತಿರುಗಿ ನೋಡಲ್ಲ. ನಮ್ ಜಿಮ್ಮಿನೂ ಅಷ್ಟೇ."

ನಾಯಿ ಎದ್ದ ತಕ್ಷಣ ಎಡಜೇಬಿನ ಪೇಪರು ಹೊರಗೆ ಬರುತ್ತಿತ್ತು. ಬಗ್ಗಿ, ಎತ್ತಿ, ಮಡಚಿ, ಕಸದ ಡಬ್ಬಿಗೆ ಹಾಕುವರು. ನಾಯಿ ಸಾಕಿದವರು ನಮ್ಮಲ್ಲಿ ಎಷ್ಟೋ ಮಂದಿ, ಹೀಗೆ ಎತ್ತುತ್ತಿದ್ದದ್ದು ಇವರೊಬ್ಬರೇ. ಸಂಘದ ಸಭೆಯಲ್ಲಿ ಇವರಿಗೆ ಚಪ್ಪಾಳೆ ಕೂಡ ತಟ್ಟಿದ್ದೆವು.

ಆಮೇಲೊಂದು ದಿನ ಪಕ್ಕದ ಮನೆಯವರು ಇವರ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರು. ಮಾತಿಗೆ ಮಾತು ಬೆಳೆಯಿತು, ಅಂದರೆ ಪಕ್ಕದವರ ಮಾತು ಮಾತ್ರ ಬೆಳೆಯಿತು. ಇವರು "ಆಗ್ಲಿ ಸ್ವಾಮಿ" ಎಂದು ಒಳಗೆ ಹೋದರು. ಆ ವಾರದಿಂದ ಪಕ್ಕದವರ ಗೇಟಿನ ಮುಂದೆ, ರಂಗೋಲಿ ಹಾಕುವ ಜಾಗದಲ್ಲಿ, ಬೆಳಗಾದರೆ ಹೇಸಿಗೆ. ಆ ಮನೆಯಾಕೆ ಬೀದಿನಾಯಿಗಳ ಮೇಲೆ ಗೂಬೆ ಕೂರಿಸಿದಳು. ಫೋನಿನ ಮೇಲೆ ಫೋನು ಮಾಡಿ ನಾಯಿ ಹಿಡಿಯುವ ವ್ಯಾನು ಕರೆಸಿದಳು. ಹೊಂಗೆಮರದ ಬುಡದಲ್ಲಿ ತಮ್ಮ ಪಾಡಿಗೆ ಮಲಗಿದ್ದ ನಾಯಿಗಳನ್ನು ಬಲೆ ಹಾಕಿ ಎಳೆದೊಯ್ದರು. ಅವು ಅರಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇವರು ಗೇಟಿನ ಬಳಿ ನಿಂತು, ಜಿಮ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದರು. "ಪಾಪ, ಶಿಸ್ತು ಕಲಿಸೋರಿಲ್ಲ ಅವಕ್ಕೆ" ಎಂದರು. ಅವತ್ತು ಆ ಮಾತು ನನಗೆ ಕನಿಕರದ ಮಾತಾಗಿಯೇ ಕೇಳಿಸಿತ್ತು.

ನಮ್ಮ ಮನೆಯ ಕೆಳಗಿನ ಭಾಗವನ್ನು ನಾನು ಬಾಡಿಗೆಗೆ ಕೊಡುತ್ತೇನೆ, ನಾನಿರುವುದು ಮೇಲೆ. ಅದೇ ವರ್ಷ ಕೆಳಗಿನ ಮನೆಗೆ ಶಾಹಿದಾ ಆಪಾ ಮತ್ತು ಅವರ ಮಗಳು ನಸ್ರೀನ್ ಬಂದರು. ನಸ್ರೀನ್ ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಆಪಾ ನನಗಿಂತ ಸ್ವಲ್ಪ ದೊಡ್ಡವರು, ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತಿದ್ದೆ, ವಿಧವೆ, ನನ್ನ ಹಾಗೆಯೇ. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಶಾಲೆಯ ಹಿಂದಿಯಲ್ಲಿ ಮಾತಾಡಲು ಹೋದರೆ, "ನಕೋ ಟೀಚರಮ್ಮ, ನಿಮ್ ಹಿಂದಿ ಕೇಳಿದ್ರೆ ನಂಗೆ ಪರೀಕ್ಷೆ ಭಯ ಆಗುತ್ತೆ, ಕನ್ನಡದಲ್ಲೇ ಹೇಳಿ" ಎಂದು ಬಾಯಿಮುಚ್ಚಿಸುವರು.

ಎಷ್ಟೋ ವರ್ಷಗಳ ನಂತರ ನನಗೆ ಮಧ್ಯಾಹ್ನಗಳು ಹಗುರಾದವು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಳು ಹಿತುಕುತ್ತಿದ್ದೆವು. ನಾನು ಸಾರಿನ ಪಾತ್ರೆ ಇಳಿಸಿ ಕೊಡುವುದು, ಅವರು ಹಬ್ಬಕ್ಕೆ ಶೀರ್‌ಕುರ್ಮ ಹತ್ತಿಸಿ ಕಳಿಸುವುದು. ಅದೇನು ದೊಡ್ಡ ಸ್ನೇಹ ಎಂದು ಯಾರಿಗಾದರೂ ಅನಿಸಬಹುದು. ಸಂಜೆ ಆರಕ್ಕೆ ಬಾಯಿ ಬಿಡಲು ಒಂದು ಜೀವವಿಲ್ಲದ ಮನೆಯಲ್ಲಿ ಇದ್ದು ನೋಡಿ, ಆಗ ಹೇಳಿ. ಅವರು ನನ್ನ ಕಾಲದವರೆಗೂ ಕೆಳಗೇ ಇರಲಿ ಎಂದು ನಾನು ಬಾಯಿಬಿಟ್ಟೇ ಹೇಳಿದ್ದೆ.

ಅವರು ಬಂದ ತಿಂಗಳಿಗೇ ಎದುರುಮನೆಯವರು ಜಿಮ್ಮಿ ಸಮೇತ ನಮ್ಮ ವರಾಂಡಕ್ಕೆ ಬಂದರು. ಜಿಮ್ಮಿಗೆ "ಇರು" ಅಂದರು. ನಾನು ಕಾಫಿ ಕೊಟ್ಟೆ.

"ಮೇಡಂ, ತಪ್ಪು ತಿಳ್ಕೋಬೇಡಿ. ನಂಗೇನೂ ಇಲ್ಲ. ಸರ್ವಿಸಲ್ಲಿ ನಾನು ಎಲ್ಲಾ ಥರದವರ ಜೊತೆ ಕೂತು ಊಟ ಮಾಡಿದೋನು. ಆದ್ರೆ ರಸ್ತೇಲಿ ಮಾತಾಡ್ಕೋತಿದಾರೆ. ವಾಸನೆ, ಜನ ಬರೋದು ಹೋಗೋದು... ಬೇರೆ ಯಾರಾದ್ರೂ ನಮ್ಮವರನ್ನೇ ನೋಡಬಹುದಿತ್ತು."

"ಮಾತಾಡೋರು ನನ್ನ ಹತ್ರ ಬಂದು ಮಾತಾಡ್ಲಿ. ಬಾಡಿಗೆ ಮನೆ ನಂದು, ಮೂಗು ಅವರದು. ಮುಚ್ಕೊಳ್ಳೋಕೆ ಹೇಳಿ" ಅಂದೆ.

ಅವರು ಕಾಫಿ ಮುಗಿಸಿ ಲೋಟವನ್ನು ತಾವೇ ಬಚ್ಚಲಿಗೆ ಇಟ್ಟು ಬಂದರು. "ಆಗ್ಲಿ ಮೇಡಂ, ನಿಮ್ಮಿಷ್ಟ" ಎಂದು ಕೈಮುಗಿದರು. ಜಿಮ್ಮಿ ಹಿಂದೆಯೇ ಹೋಯಿತು.

ಕೆಲವೇ ದಿನಕ್ಕೆ ಶುರುವಾಯಿತು. ನಾನು ಬೆಳಿಗ್ಗೆ ಇಳಿದು ಬರುವಷ್ಟರಲ್ಲಿ ಆಪಾ ಬಕೆಟ್ಟು, ಪೊರಕೆ, ಫಿನಾಯಿಲ್ ಹಿಡಿದು ಗೇಟಿನ ಮುಂದೆ ತೊಳೆಯುತ್ತಿರುವರು. ಮೊಣಕಾಲು ನೋವಿನ ಹೆಂಗಸು, ಬಗ್ಗಿದರೆ ಏಳಲು ಗೇಟಿನ ಸರಳು ಹಿಡಿಯಬೇಕು. "ಏನ್ ಆಪಾ ಇದು?" ಅಂದರೆ, "ಬೀದಿನಾಯಿ ಟೀಚರಮ್ಮ, ಬಿಡಿ" ಅನ್ನುವರು. ಒಂದು ಮುಂಜಾನೆ, ಗೇಟಿಗೆ ನೇತುಹಾಕಿದ ಚೀಲದಿಂದ ಹಾಲು ತರಲು ಬರಿಗಾಲಲ್ಲಿ ಹೋಗಿ ಅದರ ಮೇಲೇ ಕಾಲಿಟ್ಟುಬಿಟ್ಟರು. ನಮಾಜಿಗೆ ಅಣಿಯಾಗಿದ್ದವರು. ಅವರಿಗೆ ನಾಯಿಯ ಹೊಲಸು ಮೈಗೆ ತಾಗಿದರೆ ಪ್ರಾರ್ಥನೆಗೆ ನಿಲ್ಲುವ ಹಾಗಿಲ್ಲ. ಮತ್ತೆ ಮೊದಲಿನಿಂದ ಕಾಲು ಉಜ್ಜಿ ಉಜ್ಜಿ ತೊಳೆದರು, ಬಟ್ಟೆ ಬದಲಾಯಿಸಿದರು. ಅಷ್ಟರಲ್ಲಿ ನಮಾಜಿನ ಹೊತ್ತು ಮೀರಿ ಬೆಳಗಾಗಿಬಿಟ್ಟಿತ್ತು. ನಲ್ಲಿಯ ಮುಂದೆ ಕೂತು ಅವರು ಅತ್ತದ್ದನ್ನು ನಾನು ಮೆಟ್ಟಿಲ ಮೇಲಿನಿಂದ ನೋಡಿದೆ. ಬೀದಿನಾಯಿಗಳಿಗೆ ನಾನು ಶಾಪ ಹಾಕಿದೆ. ಆಗ ಬೀದಿಯಲ್ಲಿ ನಾಯಿಗಳು ಎಲ್ಲಿದ್ದವು? ಬಲೆ ಹಾಕಿ ಒಯ್ದಾಗಿತ್ತಲ್ಲ. ಆ ಯೋಚನೆ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಮೇಲಿನ ಬಾಲ್ಕನಿಯಲ್ಲಿ ಕುಂಡಗಳ ಹಿಂದೆ ನಿಂತೆ. ಇನ್ನೂ ಮಬ್ಬು. ದೂರದಲ್ಲಿ ಅಜಾನ್ ಕೇಳುತ್ತಿತ್ತು. ಎದುರುಮನೆಯ ಗೇಟು ಸದ್ದಿಲ್ಲದೆ ತೆರೆಯಿತು. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಜಿಮ್ಮಿ. ರಸ್ತೆ ದಾಟಿ ನೇರ ನಮ್ಮ ಗೇಟಿಗೆ ಬಂದರು. ಹಾಲಿನವನ ಸ್ಕೂಟರ್ ಕ್ರೇಟು ಗಡಗಡಿಸುತ್ತ ಪಕ್ಕದಲ್ಲೇ ಹೋಯಿತು. ಎಲ್ಲಿಂದಲೋ ಬಂದ ಒಂದು ಹೊಸ ಬೀದಿನಾಯಿ ಜಿಮ್ಮಿಯನ್ನು ಮೂಸಿ ಗುರ್ರೆಂದಿತು. ಜಿಮ್ಮಿ ಸ್ಕೂಟರನ್ನೂ ನೋಡಲಿಲ್ಲ, ಆ ನಾಯಿಯನ್ನೂ ನೋಡಲಿಲ್ಲ. ಯಜಮಾನರ ಮುಖ ನೋಡುತ್ತ ಕಾದಿತ್ತು.

"ಶಂಕು" ಎಂದರು, ಮೆಲ್ಲಗೆ.

ಒಂದು ಸುತ್ತು ತಿರುಗಿತು, ಕೂತಿತು. ಎದ್ದ ತಕ್ಷಣ, ಅದೇ ಕ್ಷಣ, ಬಲಜೇಬಿನಿಂದ ರಸ್ಕಿನ ಚೂರು. "ಶಾಭಾಷ್ ಮಗನೇ" ಎಂದು ಅದರ ತಲೆ ನೇವರಿಸಿದರು. ಎಡಜೇಬಿಗೆ ಕೈ ಹೋಗಲೇ ಇಲ್ಲ.

ನೆಲದ ಮೇಲಿನ ಹೊಲಸಿಗೆ ನನಗೆ ವಾಕರಿಕೆ ಬರಲಿಲ್ಲ. ಮಕ್ಕಳನ್ನು ಸಾಕಿದವಳು ನಾನು, ಹೇಸಿಗೆ ಹೊಸದಲ್ಲ. ಆ 'ಶಾಭಾಷ್' ಕೇಳಿ ಬಂತು. ಅಷ್ಟು ಪ್ರೀತಿಯಿಂದ ಹೇಳಿದರು ಅದನ್ನು! ಆ ಪುಟ್ಟ ಪ್ರಾಣಿ ಬಾಲ ಅಲ್ಲಾಡಿಸುತ್ತ ರಸ್ಕು ತಿನ್ನುತ್ತಿತ್ತು, ತಾನೇನೋ ಒಳ್ಳೆಯ ಕೆಲಸ ಮಾಡಿದೆನೆಂದು.

"ಏನ್ರೀ ಅದು!" ಎಂದು ಮೇಲಿನಿಂದ ಕೂಗಿದೆ.

ಬೆಚ್ಚಲಿಲ್ಲ ಪುಣ್ಯಾತ್ಮ. ಕತ್ತೆತ್ತಿ ನಕ್ಕರು. "ಗುಡ್ ಮಾರ್ನಿಂಗ್ ಮೇಡಂ. ಏನ್ಮಾಡೋದು, ಪ್ರಾಣಿ ಅಲ್ವಾ, ತಡ್ಕೊಳ್ಳಲ್ಲ" ಎಂದು ಆಗ ಪೇಪರು ತೆಗೆದು ಎತ್ತಿಕೊಂಡರು.

ಅವತ್ತೇ ಅವರ ಮನೆಗೆ ಹೋದೆ. ಹೆಂಡತಿ ನೀರು ತಂದಿಟ್ಟು ಒಳಗೆ ಹೋದರು. ನಾನು ನಿಂತೇ ಮಾತಾಡಿದೆ. ವಯಸ್ಸಾದ ಹೆಂಗಸು, ಮೊಣಕಾಲು ನೋವು, ಪ್ರಾರ್ಥನೆಯ ಹೊತ್ತು, ನಿಮಗೆ ಮನುಷ್ಯತ್ವ ಬೇಡವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಜಿಮ್ಮಿಯ ಕಿವಿ ತುರಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಮೇಡಂ, ನೀವು ವಿದ್ಯಾವಂತರು. ಮೂಕಪ್ರಾಣಿ ಮೇಲೆ ಇಷ್ಟು ದೊಡ್ಡ ಆರೋಪ ಮಾಡ್ತಿದೀರಲ್ಲ. ಅದಕ್ಕೆ ಯಾರ ಗೇಟು, ಯಾವ ಜಾತಿ ಅಂತ ಏನ್ ಗೊತ್ತು? ನಾಯಿ ಅದು, ನಾಯಿ."

ಕೋಳಿ ಅಂಗಡಿಯ ಮುಂದೆ ಮುಖ ತಿರುಗಿಸಿ ಕೂತಿದ್ದ ನಾಯಿ! ಊರೆಲ್ಲ ಕರೆದು ತೋರಿಸಿದ ನಾಯಿ! ಬೇಕಾದಾಗ ವಿದ್ಯಾವಂತ, ಸಿಕ್ಕಿಬಿದ್ದಾಗ ಮೂಕಪ್ರಾಣಿ. ಬಾಗಿಲ ಕಡೆ ತಿರುಗಿದೆ. ಬಾಗಿಲವರೆಗೆ ಕಳಿಸಲು ಬಂದು, "ಆಗ್ಲಿ ಮೇಡಂ, ಇನ್ಮೇಲೆ ನೋಡ್ಕೋತೀನಿ" ಅಂದರು.

ನೋಡಿಕೊಂಡದ್ದು ಹೇಗೆಂದರೆ, ನಾನು ಏಳುವುದಕ್ಕೂ ಮುಂಚೆ ಬರತೊಡಗಿದರು. ನಾನು ಇನ್ನೂ ಬೇಗ ಎದ್ದರೆ ಅವರು ಇನ್ನೂ ಬೇಗ. ರಸ್ತೆಯವರಿಗೆ ಹೇಳಿದೆ. "ಅವರಾ? ಪೇಪರ್ ಇಟ್ಕೊಂಡು ಓಡಾಡೋರು ಅವರೊಬ್ರೇ ಅಲ್ವೇನ್ರೀ" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಕಾರ್ಯದರ್ಶಿಗಳಂತೂ, "ಬಾಡಿಗೆಗೆ ಬಂದವರಿಗೋಸ್ಕರ ಹಳೇ ಸ್ನೇಹ ಯಾಕೆ ಕೆಡಿಸ್ಕೋತೀರಾ ಮೇಡಂ" ಎಂದು ಬುದ್ಧಿ ಹೇಳಿದರು. ಇದೇ ಕಾರ್ಯದರ್ಶಿಗಳು ಮೊನ್ನೆ ಮೈಕು ಚಾಚಿದ್ದು. ಆಪಾಗೆ ಮಾತ್ರ ನಾನು ಏನೂ ಹೇಳಲಿಲ್ಲ. ನಾಯಿಯ ಕೆಲಸ ಎಂದರೆ ತೊಳೆದು ಮರೆಯಬಹುದು. ಎದುರುಮನೆಯ ಮನುಷ್ಯ ಬೇಕೆಂದೇ ಮಾಡಿಸುತ್ತಿದ್ದಾನೆ ಎಂದು ಗೊತ್ತಾದ ಮೇಲೆ ಆ ಮನೆಯಲ್ಲಿ ಅವರು ಹೇಗೆ ಅನ್ನ ತಿಂದಾರು?

ಚಳಿಗಾಲ ಬರುವ ಮುಂಚೆ ನಸ್ರೀನ್ ಮೇಲೆ ಬಂದಳು. ಕೂತ್ಕೋ ಅಂದರೂ ಕೂರಲಿಲ್ಲ.

"ಆಂಟಿ, ಆರ್.ಟಿ. ನಗರದಲ್ಲಿ ನಮ್ ಖಾಲಾ, ಅಮ್ಮಿ ತಂಗಿ ಮನೆ ಪಕ್ಕ ಒಂದ್ ಮನೆ ಸಿಕ್ಕಿದೆ. ಅಮ್ಮಿಗೆ ದಿನಾ ಬಗ್ಗಿ ತೊಳೆಯೋದು ಆಗ್ತಿಲ್ಲ."

"ನಾನ್ ತೊಳೀತೀನಿ ಕಣಮ್ಮ. ಆಳು ಇಡ್ತೀನಿ."

ಅವಳು ನನ್ನ ಕೈ ಹಿಡಿದುಕೊಂಡಳು. ಆಪಾ ಹತ್ತಿರವೂ ಗೋಗರೆದೆ. "ನಕೋ ಟೀಚರಮ್ಮ, ಅಳಿಸ್ಬೇಡಿ" ಎಂದು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಲೇ ಇದ್ದರು.

ಸಾಮಾನು ಸಾಗಿಸುವ ಟೆಂಪೋ ಬಂದ ದಿನ ಎದುರುಮನೆಯವರೂ ಬಂದರು! ಬರುವುದಲ್ಲದೆ, ಹಗ್ಗ ಹೇಗೆ ಬಿಗಿಯಬೇಕೆಂದು ಡ್ರೈವರನಿಗೆ ಹೇಳಿಕೊಟ್ಟರು, ಹೆಬ್ಬಾಳದ ಫ್ಲೈಓವರಿನಲ್ಲಿ ಜಾಮ್ ಇರುತ್ತೆ, ಒಳದಾರಿಯಲ್ಲಿ ಹೋಗು ಎಂದರು. ಕೊನೆಗೆ ಆಪಾ ಆಟೋ ಹತ್ತುವಾಗ, "ಜಿಮ್ಮಿ, ನಮಸ್ಕಾರ ಮಾಡು" ಅಂದರು. ಜಿಮ್ಮಿ ಹಿಂಗಾಲ ಮೇಲೆ ಕೂತು ಮುಂಗಾಲು ಜೋಡಿಸಿತು. ಡ್ರೈವರ್ ನಕ್ಕ. ಆಪಾ ನಗಲಿಲ್ಲ. ದುಪಟ್ಟಾವನ್ನು ಸರಿಮಾಡಿಕೊಂಡು, ನನ್ನ ಕಡೆ ಮಾತ್ರ ನೋಡಿ ಖುದಾ ಹಾಫಿಜ್ ಅಂದರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಎದುರುಮನೆಯವರು ಕೈ ಬೀಸುತ್ತಿದ್ದರು. ಮಾರನೆಯ ದಿನದಿಂದ ನಮ್ಮ ಗೇಟು ಸ್ವಚ್ಛ. ಅದಾದ ಮೇಲೆ ಅವರು ಕಳಿಸಿದ 'ನಮ್ಮವರು' ಎಷ್ಟೋ ಜನ ಮನೆ ಕೇಳಿಕೊಂಡು ಬಂದರು. ಇಲ್ಲ ಅಂದೆ. ಕೆಳಗಿನ ಮನೆ ಇನ್ನೂ ಖಾಲಿಯೇ ಇದೆ.

ಈಗ ಅವರು ಹೋದರು. ನಿದ್ದೆಯಲ್ಲೇ ಹೋದರಂತೆ, ಒಂದಿಷ್ಟೂ ನರಳದೆ. 'ಪುಣ್ಯವಂತರ ಸಾವು' ಎಂದರು ಎಲ್ಲರೂ. ದೇವರ ಲೆಕ್ಕಾಚಾರ ನನಗೆ ಅರ್ಥವಾಗುವುದಿಲ್ಲ, ಕೇಳಲೂ ಹೋಗುವುದಿಲ್ಲ.

ಸಭೆ ಮುಗಿಸಿ ಬಂದ ಸಂಜೆ ಆಪಾಗೆ ಫೋನು ಮಾಡಿದೆ. ಮೊಣಕಾಲು, ನಸ್ರೀನಳ ಮದುವೆಯ ಮಾತುಕತೆ, ಅವರೆಕಾಯಿ ರೇಟು ಎಲ್ಲ ಆದಮೇಲೆ ವಿಷಯ ಹೇಳಿದೆ. ಅವರು ತಮ್ಮ ರೂಢಿಯಂತೆ ಅರಬ್ಬಿಯಲ್ಲಿ ಒಂದು ಮಾತು ಹೇಳಿಕೊಂಡರು. ಆಮೇಲೆ, "ಆ ನಾಯಿ?" ಎಂದು ಕೇಳಿದರು.

"ಚಿಕ್ಕಜಾಲದ ಹತ್ರ ಅವರ ತಮ್ಮನ ತೋಟ ಇದೆಯಂತೆ, ಅಲ್ಲಿಗೆ ಕಳಿಸಿದ್ರು."

"ಹ್ಞೂಂ."

ನನ್ನ ಹೊಟ್ಟೆಯಲ್ಲಿದ್ದದ್ದು ಇನ್ನು ತಡೆಯಲಿಲ್ಲ. ಸಭೆಯಲ್ಲಿ ಯಾರು ಯಾರು ಏನೇನು ಹೊಗಳಿದರು ಎಂದು ಹೇಳಿ, ನನಗೆ ಹೇಸಿಗೆಯಾಯಿತು ಆಪಾ ಎಂದೆ. ಯಾಕೆಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

"ಹೋದವರ ಬುರಾಯಿ ಮಾಡ್ಬಾರ್ದು ಟೀಚರಮ್ಮ," ಅಂದರು. "ನೀವು ಅವರ್ದು ಒಂದ್ ಒಳ್ಳೇದು ಹೇಳಿ, ನಾನು ಆಮೀನ್ ಅಂತೀನಿ. ಮುಗೀತು."

ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಇಷ್ಟು ವರ್ಷ ಎದುರುಮನೆಯಲ್ಲಿದ್ದವರು, ಏನಾದರೂ ಇರಬೇಕಲ್ಲ.

"ನಾಯಿಗೆ ಚೆನ್ನಾಗಿ ಕಲಿಸಿದ್ರು ಆಪಾ" ಅಂದೆ.

ಲೈನು ಕಟ್ಟಾಯಿತೇನೋ ಎಂದು ಹಲೋ ಹಲೋ ಅಂದೆ.

"ಹೌದು," ಅಂದರು ಆಪಾ. "ಅವತ್ತು ಕಾಲಿಟ್ಟ ಮೇಲೆ ಕಿಟಕಿಯಿಂದ ದಿನಾ ನೋಡ್ತಿದ್ದೆ. ಶಂಕು ಅಂತ ಏನೋ ಅಂತಿದ್ರು, ಅಂದ್ಮೇಲೇನೇ ಕೂರ್ತಿತ್ತು ಪಾಪ. ಮಳೆ ಬಂದ್ರೂ, ಈದ್ ದಿನಾನೂ, ಒಂದ್ ದಿನ ತಪ್ಪಿಸ್ಲಿಲ್ಲ."

ನಾನು ಕಾದೆ. ಅವರು ಆಮೀನ್ ಅನ್ನಲಿಲ್ಲ.